ಎರಡು ಸೀಟಿನ ಕಾರಿಗೆ ನಾಲ್ಕು ಟೈರು

ನಮ್ಮ ಮನೆಯ ಕಾರಿನಲ್ಲಿ ಎರಡೇ ಸೀಟು. ಮಳವಳ್ಳಿಯಲ್ಲಿ ಕಾರಿನ ಯೋಗ್ಯತೆ ಅಳೆಯುವುದು ಬೀಗರೂಟಕ್ಕೆ ಎಷ್ಟು ಜನರನ್ನು ತುಂಬಿಕೊಂಡು ಹೋಗಬಹುದು ಅನ್ನುವುದರ ಮೇಲೆ. ಆ ಲೆಕ್ಕದಲ್ಲಿ ನಮ್ಮದು ಕಾರೇ ಅಲ್ಲ. ಹೊಳಲಿನಲ್ಲಿರುವ ನನ್ನ ತಮ್ಮ ಅದನ್ನು ಮೊದಲ ಸಲ ನೋಡಿದಾಗ ಒಂದು ಸುತ್ತು ಬಂದು, ಬಗ್ಗಿ ಒಳಗೆ ಇಣುಕಿ, "ಅಲ್ಲ ಭಾವ, ಮೂತಿ ಏನೋ ಇಷ್ಟುದ್ದ ಅದೆ, ಕೂರಕ್ಕೆ ಜಾಗ ಎಲ್ಲದೆ? ಒಂದ್ ಮೂಟೆ ಗೊಬ್ರನೂ ಇಡಕ್ಕಾಗಕಿಲ್ವಲ್ಲ!" ಅಂದಿದ್ದ. ನಮ್ಮ ಯಜಮಾನರು ನಕ್ಕು, "ಗೊಬ್ರ ಸಾಗ್ಸಕ್ಕೆ ನಿನ್ ಟ್ರ್ಯಾಕ್ಟರ್ ಇಲ್ವೇನ್ಲಾ" ಅಂದಿದ್ದರು. ಕೆಂಪು ಬಣ್ಣದ, ನೆಲಕ್ಕೆ ಹತ್ತಿದಂತಿರುವ ಆ ಪುಟ್ಟ ಸ್ಪೋರ್ಟ್ಸ್ ಕಾರನ್ನು ಅವರು ಮಗಳ ಮದುವೆಯಾದ ಮೇಲೆ ಮೈಸೂರಿನ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ತಂದಿದ್ದರು. ಅದುವರೆಗೆ ಮನೆ, ಓದು, ಮದುವೆ ಅಂತ ತಮ್ಮ ಆಸೆಯನ್ನು ಅಟ್ಟದ ಮೇಲೆ ಇಟ್ಟುಕೊಂಡಿದ್ದ ಮನುಷ್ಯ. ತರಲಿ ಬಿಡು ಅಂತ ನಾನೂ ಸುಮ್ಮನಿದ್ದೆ.

ಅವರು ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ನಾನು ಮಳವಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಅವರು ಮಾತು ಕಡಿಮೆಯ ಜನ, ತಮ್ಮ ಪಾಲಿನ ಮಾತನ್ನೂ ನನಗೇ ಬಿಟ್ಟುಕೊಟ್ಟಿದ್ದಾರೆ. ನನಗೆ ಬಾಯಿ ಜೋರು ಅಂತ ಅತ್ತೆ ಮನೆಯಲ್ಲೂ ಹೇಳುತ್ತಾರೆ, ತವರಿನಲ್ಲೂ ಹೇಳುತ್ತಾರೆ. ಎರಡೂ ಕಡೆಯವರು ಒಪ್ಪಿರುವ ಮಾತು ಇದೊಂದೇ. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಆ ಕಾರಿನಲ್ಲಿ ಬ್ಲಫ್ ಕಡೆಗೆ ಇಳಿಯುತ್ತಿದ್ದೆವು. ಅಲ್ಲಿ ರಸ್ತೆ ಬೆಟ್ಟವನ್ನು ಬಳಸಿ ಬಳಸಿ ಕೆಳಗೆ, ನದಿ ದಡದ ಆ ವಿದ್ಯುತ್ ಕೇಂದ್ರಕ್ಕೆ ಹೋಗುತ್ತದೆ. ಕೆಲಸದ ಕಾಲದಲ್ಲಿ ಜೀಪಿನಲ್ಲಿ ದಿನವೂ ಇಳಿದು ಹತ್ತಿದ ತಿರುವುಗಳೇ ಅವು. ಆದರೂ ಈ ಕಾರಿನಲ್ಲಿ ಇಳಿಯುವಾಗ ಅವರ ಮುಖವೇ ಬೇರೆ. ಒಂದೊಂದು ತಿರುವಿಗೂ ಗಂಟಲಲ್ಲೇ ಏನೋ ಗುನುಗುತ್ತಿದ್ದರು. ಅದನ್ನು ನೋಡುವುದಕ್ಕೇ ನಾನು ಹೋಗುತ್ತಿದ್ದೆ. ನದಿ, ಬೆಟ್ಟ ಎಲ್ಲ ನಾನು ನೋಡಿ ಮುಗಿಸಿದ್ದೆ.

ಕಳೆದ ಸುಗ್ಗಿಯಲ್ಲಿ ಮದ್ದೂರಿನಲ್ಲಿ ಒಂದು ಮದುವೆ ಇತ್ತು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕಾರಿನ ಹತ್ತಿರ ಬಂದಾಗ ನೋಡುತ್ತೇನೆ, ಅವರ ಎಡಗಾಲಿನಲ್ಲಿ ಚಪ್ಪಲಿ ಇದೆ, ಬಲಗಾಲಿನಲ್ಲಿ ಇಲ್ಲ. "ರೀ, ಇನ್ನೊಂದು ಚಪ್ಪಲಿ ಎಲ್ರೀ?" ಅಂದೆ. ಅವರು ಕೆಳಗೆ ನೋಡಿಕೊಂಡರು. ಅದು ಊಟದ ಮೇಜಿನ ಕೆಳಗೇ ಕಳಚಿ ಉಳಿದಿತ್ತು. ಛತ್ರದ ಅಂಗಳದ ಜಲ್ಲಿಕಲ್ಲಿನ ಮೇಲೆ ಅಷ್ಟು ದೂರ ಬರಿಗಾಲಲ್ಲಿ ನಡೆದು ಬಂದಿದ್ದಾರೆ, ಗೊತ್ತೇ ಆಗಿಲ್ಲ. "ಪಾಯಸ ಹೆಚ್ಚಾಯ್ತು ಅಂತ ಕಾಣುತ್ತೆ" ಅಂತ ನಾನು ನಕ್ಕೆ. ಅವರೂ ನಕ್ಕರು. ನಾನೇ ಹೋಗಿ ಚಪ್ಪಲಿ ತಂದುಕೊಟ್ಟೆ.

ಅದೇ ದಿನ ಮಳವಳ್ಳಿಗೆ ಬರುವ ದಾರಿಯಲ್ಲಿ ಹುರುಳಿ ಹಾಸಿದ್ದರು. ನಮ್ಮ ಸೀಮೆಯ ಈ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಈಗ ಸಗಣಿ ಸಾರಿಸಿ ಕಣ ಮಾಡುವವರು ಯಾರು? ಕಿತ್ತು ಒಣಗಿಸಿದ ಹುರುಳಿ ಗಿಡವನ್ನು ಸೀದಾ ತಂದು ಟಾರು ರಸ್ತೆಯ ಮೇಲೆ ಹರಡುತ್ತಾರೆ, ಎರಡು ತುದಿಗೂ ಕಲ್ಲು ಇಡುತ್ತಾರೆ. ಬಸ್ಸು, ಲಾರಿ, ಕಬ್ಬಿನ ಟ್ರ್ಯಾಕ್ಟರು ಹರಿದು ಹರಿದು ಕಾಯಿ ಒಡೆದು ಕಾಳು ಬಿಡುತ್ತದೆ. ಮನೆಯ ಹೆಂಗಸು ಮೊರ, ಪೊರಕೆ ಇಟ್ಟುಕೊಂಡು ಮರದ ನೆರಳಲ್ಲಿ ಕೂತು, ಗಾಡಿ ಬರದ ಹೊತ್ತು ನೋಡಿ ತಿರುವಿ ಹಾಕುತ್ತಾಳೆ. ಪೊಲೀಸರು ಹಾಸಬೇಡಿ ಅನ್ನುತ್ತಾರೆ, ಎಲ್ಲರೂ ಹಾಸುತ್ತಾರೆ, ಪೊಲೀಸರ ಮನೆಯವರೂ ಹಾಸುತ್ತಾರೆ. ನಮ್ಮ ತಂದೆ ಹಾಸಿದ್ದರು, ತಮ್ಮ ಈಗಲೂ ಹಾಸುತ್ತಾನೆ. ಯಜಮಾನರಿಗೆ ಇದನ್ನು ಕಂಡರೆ ಆಗದು. ಒಣ ಹುರುಳಿ ಗಿಡದ ಮೇಲೆ ಗಾಡಿಗೆ ಹಿಡಿತ ಸಿಗುವುದಿಲ್ಲ, ನೆಲಕ್ಕೆ ಹತ್ತಿದ ಕಾರಿನ ಹೊಟ್ಟೆಗೆ ಹುಲ್ಲು ಸಿಕ್ಕಿಕೊಂಡರೆ ಸೈಲೆನ್ಸರಿನ ಕಾವಿಗೆ ಬೆಂಕಿಯೂ ಹತ್ತಬಹುದು.

ಅವತ್ತು ಅವರು ದೂರದಿಂದಲೇ ಹುರುಳಿ ನೋಡಿದರು. ಒಬ್ಬ ಹೆಂಗಸು ನಡುವೆ ಬಗ್ಗಿಕೊಂಡು ತಿರುವಿ ಹಾಕುತ್ತಿದ್ದಳು. ಕಾರು ನಿಧಾನವಾಗಬೇಕಿತ್ತು, ಆಗಲಿಲ್ಲ. "ರೀ!" ಅಂದೆ. ಆಗ ಎದುರಿಗೆ ನೋಡಬೇಕಾದ ಮನುಷ್ಯ ತಲೆ ತಗ್ಗಿಸಿ ತಮ್ಮ ಬಲಗಾಲನ್ನು ನೋಡಿಕೊಂಡರು. ಕಾಲು ಎಲ್ಲಿದೆ ಅಂತ ಹುಡುಕಿದರು. ಆಮೇಲೆ ಒಂದೇ ಸಲ ಬ್ರೇಕ್ ಒತ್ತಿದರು. ಅಷ್ಟರಲ್ಲಿ ಹುರುಳಿಯ ಮೇಲಿದ್ದೆವು. ಕಾರು ಅಡ್ಡ ತಿರುಗಿ, ಜಾರಿಕೊಂಡು ಹೋಗಿ, ಆ ಹೆಂಗಸಿನಿಂದ ಒಂದು ಮಾರು ದೂರದಲ್ಲಿ ನಿಂತಿತು. ಅವಳು ಪೊರಕೆ ಎತ್ತಿಕೊಂಡೇ ಬಂದಳು.

"ಏನಣ್ಣೋ, ಕಣ್ಣು ಎಲ್ ಮಡಿಕಂಡಿದ್ದೆ? ನನ್ನೂ ಉಳ್ಳಿ ಜೊತೆ ಒಕ್ಬುಡವ ಅಂತ ಬಂದ್ಯಾ?"

ಯಜಮಾನರು ಸ್ಟೇರಿಂಗ್ ಬಿಡದೆ ಕೂತೇ ಇದ್ದರು. ನಾನು ಇಳಿದು ಅವಳ ಕೈ ಹಿಡಿದುಕೊಂಡು ತಪ್ಪಾಯ್ತು ಕಣವ್ವ ಅಂದೆ. ಮತ್ತೆ ಹೊರಟ ಮೇಲೆ ಅವರು ಅಂದರು.

"ಟೈರು ಹಳೇದಾಗಿದೆ. ಬದಲಾಯಿಸ್ಬೇಕು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ನನ್ನ ಕಣ್ಣ ಮುಂದೆ ಆ ತಗ್ಗಿದ ತಲೆ ಇತ್ತು. ನನ್ನಂಥ ಬಾಯಾಳಿಯೂ ಅವತ್ತು ಮನೆವರೆಗೆ ತುಟಿ ಬಿಚ್ಚಲಿಲ್ಲ.

ಮಂಡ್ಯದ ಡಾಕ್ಟರ ಹತ್ತಿರ ನಾನೇ ಎಳೆದುಕೊಂಡು ಹೋದೆ. ಅವರು ಯಜಮಾನರನ್ನು ಮಲಗಿಸಿ, ಕಣ್ಣು ಮುಚ್ಚಿಸಿ, ತೆಳ್ಳನೆಯ ಒಂದು ಎಳೆಯಿಂದ ಅಂಗಾಲನ್ನು ಮುಟ್ಟುತ್ತಾ, "ಗೊತ್ತಾಯ್ತಾ?" ಅಂತ ಕೇಳುತ್ತಾ ಹೋದರು. "ಹೂಂ" ಅಂದರು ಇವರು. ಇನ್ನೊಂದು ಕಡೆ. "ಹೂಂ." ಮತ್ತೊಂದು ಕಡೆ. "ಹೂಂ." ಡಾಕ್ಟರು ನನ್ನನ್ನು ನೋಡಿದರು. ಅವರ ಕೈ ಆಗ ಗಾಳಿಯಲ್ಲಿತ್ತು. ಕಾಲನ್ನು ಮುಟ್ಟಿಯೇ ಇರಲಿಲ್ಲ. ಪರೀಕ್ಷೆಯಲ್ಲಿ ಪಕ್ಕದವಳ ಉತ್ತರ ನೋಡಿ ಬರೆಯುವ ಹುಡುಗಿಯರನ್ನು ಜೀವಮಾನವಿಡೀ ಹಿಡಿದವಳು ನಾನು, ನನ್ನ ಗಂಡನೇ ಹೀಗೆ ಸಿಕ್ಕಿಬಿದ್ದಾಗ ಬೈಯಲು ಮನಸ್ಸು ಬರಲಿಲ್ಲ. ಸಕ್ಕರೆ ಕಾಯಿಲೆ ಒಂದು ಕಡೆ, ಸೊಂಟದಲ್ಲಿ ಒತ್ತಿಕೊಂಡಿರುವ ನರ ಇನ್ನೊಂದು ಕಡೆ, ಬಲಗಾಲಿನ ಪಾದ ಹೆಚ್ಚು ಕಡಿಮೆ ಮರಗಟ್ಟಿದೆ ಅಂದರು ಡಾಕ್ಟರು. ಇರುವುದನ್ನು ಉಳಿಸಿಕೊಳ್ಳಬಹುದು, ಹೋಗಿದ್ದು ಬರುವುದು ಕಷ್ಟ. ಕೊನೆಗೆ, "ಇನ್ನು ಗಾಡಿ ಓಡಿಸೋದು ಬೇಡ" ಅಂದರು. ಯಜಮಾನರು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದರು. ಆ ಮಾತು ತಮಗಲ್ಲ ಅನ್ನುವ ಹಾಗೆ.

ಮನೆಗೆ ಬಂದಮೇಲೆ ಶುರುವಾಯಿತು ಟೈರಿನ ಪಾರಾಯಣ. ಬೆಳಗಾದರೆ ಫೋನಿನಲ್ಲಿ ಟೈರು, ಸಂಜೆಯಾದರೆ ಟೈರು. ಯಾವ ದೇಶದಲ್ಲೋ ಯಾರೋ ಒದ್ದೆ ಮೈದಾನದಲ್ಲಿ ಕಾರನ್ನು ಗಿರಗಿರ ತಿರುಗಿಸುವುದನ್ನು ನೋಡುತ್ತಾ ಕೂರುತ್ತಿದ್ದರು. ಮಾತೇ ಆಡದ ಮನುಷ್ಯ ಊಟಕ್ಕೆ ಕೂತಾಗ ನನಗೆ ಪಾಠ ಮಾಡತೊಡಗಿದರು. ಗಟ್ಟಿ ರಬ್ಬರಾದರೆ ಬಾಳಿಕೆ ಹೆಚ್ಚು, ಹಿಡಿತ ಕಡಿಮೆ. ಮೆತ್ತನೆಯ ರಬ್ಬರಾದರೆ ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಟೈರಿನ ಪಕ್ಕ, ಅಂದರೆ ರಿಮ್ಮಿಗೂ ರಸ್ತೆಗೂ ನಡುವಿನ ರಬ್ಬರು, ತೆಳ್ಳಗಿದ್ದಷ್ಟೂ ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳುತ್ತದೆ. ಮೈಮೇಲೆ ಅಗಲವಾದ ಕಾಲುವೆಗಳಿದ್ದರೆ ಮಳೆನೀರನ್ನು ಆಚೆಗೆ ತಳ್ಳುತ್ತದೆ, ನುಣ್ಣಗಿದ್ದರೆ ಒಣ ರಸ್ತೆಯಲ್ಲಿ ರಾಜ, ನೀರಿನಲ್ಲಿ ಭಿಕಾರಿ.

"ಮುದ್ದೆ ಇದ್ದಂಗೆ ಅನ್ನಿ. ಹಿಟ್ಟು ಕಡಿಮೆಯಾಗಿ ಮೆತ್ತಗಾದ್ರೆ ಕೈಗೆ ಅಂಟುತ್ತೆ" ಅಂದೆ.

"ಅದೇ ಕಣೆ, ಅದೇ!" ಅಂತ ಅವರ ಮುಖ ಅರಳಿತು. "ನಂಗೆ ಆ ಅಂಟೋದೇ ಬೇಕು."

ಅವರು ಹುಡುಕುತ್ತಿದ್ದುದು ಟೈರಲ್ಲ. ಕಾಲಿನಲ್ಲಿ ಹೋಗಿದ್ದನ್ನು ಚಕ್ರದಲ್ಲಿ ತಂದುಕೊಳ್ಳಲು ಹೊರಟಿದ್ದರು. ಒಳ್ಳೆಯ ಟೈರು ಸಿಕ್ಕರೆ ತಾನು ಮತ್ತೆ ಓಡಿಸಬಹುದು ಅಂತ ಅವರು ನಂಬಿಕೊಂಡಿದ್ದರು. ಅಥವಾ ನಂಬಿದ ಹಾಗೆ ಮಾಡುತ್ತಿದ್ದರು, ನಲವತ್ತು ವರ್ಷ ಸಂಸಾರ ಮಾಡಿಯೂ ಅದು ನನಗೆ ಬಿಡಿಸಲು ಬರಲಿಲ್ಲ. ಬೇಡ ಅಂದರೆ "ನಿಮ್ಮ ಕಾಲ ಮುಗಿಯಿತು" ಅಂದ ಹಾಗೆ. ಆಗಲಿ ಅಂದರೆ ಇನ್ನೊಂದು ದಿನ ಇನ್ನೊಬ್ಬಳು ಹುರುಳಿ ತಿರುವಿ ಹಾಕುತ್ತಿರುತ್ತಾಳೆ, ಅವಳಿಗೂ ಕಾರಿಗೂ ನಡುವೆ ಆ ಒಂದು ಮಾರು ಇರುವುದಿಲ್ಲ.

ಕಾರಿನ ಕೀಲಿಯನ್ನು ಬಚ್ಚಿಟ್ಟೆ, ನಿಜ. ಮಂಡ್ಯದ ಟೈರ್ ಅಂಗಡಿಗೆ ಹೋಗುವ ದಿನ ಕೊಡಲೇಬೇಕಾಯಿತು. ನಾನು ಓಡಿಸುತ್ತೇನೆ ಅಂದೆ. ಹೆಣ್ಣುಮಗಳಾದರೂ ತವರಿನಲ್ಲಿ ಟ್ರ್ಯಾಕ್ಟರ್ ಓಡಿಸಿ ಕಲಿತವಳು ನಾನು, ಈ ಕಾರನ್ನೂ ನಾಲ್ಕಾರು ಸಲ ಓಡಿಸಿದ್ದೆ. ಆಗೆಲ್ಲ ಅವರು ಪಕ್ಕದಲ್ಲಿ ಹಲ್ಲು ಕಚ್ಚಿ ಕೂತಿರುತ್ತಿದ್ದರು, ನಾನು ಗೇರ್ ಹಾಕುತ್ತಿದ್ದುದು ಅವರ ಪಕ್ಕೆಲುಬಿಗೆ ಅನ್ನುವಂತೆ. ಅವತ್ತೂ ಅವರು ಬಿಟ್ಟುಕೊಡಲಿಲ್ಲ. "ನಿಧಾನಕ್ಕೆ ಹೋಗ್ತೀನಿ, ಕೂತ್ಕೋ" ಅಂದರು. ಮದ್ದೂರು ದಾಟಿ, ಗೆಜ್ಜಲಗೆರೆಯ ಕಾರ್ಖಾನೆಗಳನ್ನು ದಾಟಿ, ಹೆದ್ದಾರಿಯಲ್ಲಿ ಸೈಕಲ್ಲಿನ ವೇಗದಲ್ಲಿ ಹೋದೆವು. ದಾರಿಯುದ್ದಕ್ಕೂ ಅವರು ಎಷ್ಟು ಸಲ ಕೆಳಗೆ ನೋಡಿದರು ಅನ್ನುವುದನ್ನೇ ನಾನು ನೋಡುತ್ತಿದ್ದೆ.

ಟೈರ್ ಅಂಗಡಿಯ ಸಾಹೇಬರು ನಮಗೆ ಬಹಳ ಹಳಬರು. ಯಜಮಾನರ ಮೊಪೆಡ್ ಕಾಲದಿಂದ ಪಂಕ್ಚರ್ ಹಾಕಿದವರು, ಈಗ ಎರಡು ಷಟರಿನ ದೊಡ್ಡ ಅಂಗಡಿ. ನಮ್ಮ ಟೈರುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಉಗುರಿನಿಂದ ಕೆರೆದು ನೋಡಿದರು.

"ಗ್ರಿಪ್ಪಿನ ಗೆರೆ ಏನೋ ಇನ್ನೂ ಅದೆ ಸಾ. ಆದ್ರೆ ರಬ್ಬರು ಒಣಗೋಗದೆ. ವಯಸ್ಸಾಯ್ತು ಇದ್ಕೆ."

"ನೋಡು!" ಅಂತ ಯಜಮಾನರು ನನ್ನ ಕಡೆ ತಿರುಗಿದರು. ಗೆದ್ದ ಹುಡುಗನ ಮುಖ. "ನಾನ್ ಹೇಳ್ಲಿಲ್ವಾ, ಟೈರಿಂದು ಅಂತ!"

ಸಾಹೇಬರು ಎದ್ದು ಕೈ ಒರೆಸಿಕೊಂಡರು. "ಟೈರು ಇಂಥದ್ದೇ ಅನ್ನಕ್ಕೆ ಮುಂಚೆ ನಾನು ಮೂರು ಮಾತು ಕೇಳ್ತೀನಿ ಸಾ. ಯಾವ ರಸ್ತೇಲಿ ಓಡ್ತದೆ?"

"ಮಳವಳ್ಳಿ, ಮದ್ದೂರು, ಮಂಡ್ಯ. ಭಾನುವಾರ ಬ್ಲಫ್."

"ಮಳೇಲೂ ಆಚೆ ತಗೀತೀರಾ?"

"ತೆಗಿಯೋದೇ."

"ಯಾರು ಓಡ್ಸದು?"

ಅಂಗಡಿಯವರು ಎಲ್ಲರನ್ನೂ ಕೇಳುವ ಮಾತು ಅದು. ಮಗ ಓಡಿಸುತ್ತಾನಾ, ಡ್ರೈವರಾ, ಎಷ್ಟು ಜೋರು ಅಂತ ತಿಳಿದುಕೊಳ್ಳುವುದಕ್ಕೆ.

"ನಾನೇ. ಇನ್ಯಾರು?" ಅಂದರು ಯಜಮಾನರು. "ಮೆತ್ತನೆ ರಬ್ಬರಿಂದು ತೋರ್ಸಿ. ಇರೋದ್ರಲ್ಲಿ ಅತೀ ಮೆತ್ತಗಿರೋದು."

ನನಗೆ ತಡೆಯಲಾಗಲಿಲ್ಲ. ಅಷ್ಟು ದಿನ ಅದುಮಿಟ್ಟಿದ್ದು ಅನ್ನದ ಗಂಜಿಯ ಹಾಗೆ ಉಕ್ಕಿಬಿಟ್ಟಿತು. "ಟೈರು ಅಂಟಿದ್ರೆ ಏನು ಬಂತು ರೀ? ನಿಮ್ಮ ಕಾಲು ಎಲ್ಲಿದೆ ಅಂತ ನಿಮಗೇ ಗೊತ್ತಾಗಲ್ಲ! ಡಾಕ್ಟ್ರು ಮುಟ್ಟದೇ ಇದ್ರೂ ಹೂಂ ಅಂದ್ರಿ. ಆ ಹೆಂಗಸು ಸತ್ತೋಗಿದ್ರೆ ಅವಳ ಮಕ್ಕಳ ಮುಂದೆ ಹೋಗಿ ಟೈರು ಹಳೇದಾಗಿತ್ತು ಅಂತಿದ್ರಾ?"

ಗಾಳಿ ತುಂಬುವ ಯಂತ್ರವೊಂದೇ ಬಡಿದುಕೊಳ್ಳುತ್ತಿತ್ತು. ಸಾಹೇಬರು ತಲೆ ತಗ್ಗಿಸಿ ಯಾವುದೋ ಟೈರಿನ ಧೂಳು ಒರೆಸತೊಡಗಿದರು. ಯಜಮಾನರ ಮುಖ ಸುಣ್ಣವಾಯಿತು. ಹೋಗಿ ಕಾರಿನಲ್ಲಿ ಕೂತು, ನನ್ನ ಕಡೆಯ ಬಾಗಿಲು ತೆರೆದರು.

"ನಾನು ಬರಲ್ಲ" ಅಂದೆ. "ನೀವು ಈಚೆ ಬನ್ನಿ, ನಾನು ಓಡಿಸ್ತೀನಿ. ಇಲ್ಲಾಂದ್ರೆ ನಾನು ಬಸ್ಸಲ್ಲಿ ಬರ್ತೀನಿ."

ನಾನಿಲ್ಲದೆ ಹೋಗಲಾರರು ಅಂದುಕೊಂಡಿದ್ದೆ. ಬಾಗಿಲು ಎಳೆದುಕೊಂಡು ಹೋಗಿಯೇ ಬಿಟ್ಟರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಸ್ ಸ್ಟ್ಯಾಂಡಿಗೆ ಓಡಿ ಮಳವಳ್ಳಿಯ ಬಸ್ಸು ಹತ್ತಿದೆ. ಆಡಿದ ಮಾತಿನ ಬಗ್ಗೆ ನನಗೆ ಪಶ್ಚಾತ್ತಾಪ ಇರಲಿಲ್ಲ, ಇವತ್ತಿಗೂ ಇಲ್ಲ. ಆದರೆ ಭಯ ಇತ್ತು. ಫೋನ್ ಮಾಡಿದೆ, ಎತ್ತಲಿಲ್ಲ. ಗಾಡಿ ಓಡಿಸುವಾಗ ಅವರು ಫೋನ್ ಎತ್ತುವುದಿಲ್ಲ. ಅದು ಸಮಾಧಾನವೋ ಸಂಕಟವೋ ಗೊತ್ತಾಗಲಿಲ್ಲ. ಗೆಜ್ಜಲಗೆರೆಯಲ್ಲಿ ಕಾರ್ಖಾನೆ ಬಿಟ್ಟ ಜನವೆಲ್ಲ ಹತ್ತಿಕೊಂಡು ಬಸ್ಸು ತುಂಬಿಹೋಯಿತು. ನಾನು ಕಿಟಕಿಗೆ ಮುಖ ಒತ್ತಿಕೊಂಡು, ಎದುರಿಗೆ ಎಲ್ಲಾದರೂ ಜನ ಗುಂಪುಗೂಡಿದ್ದರೆ ಅರ್ಧ ಎದ್ದು ನಿಂತು, ಅದು ಟೀ ಅಂಗಡಿ ಅಂತ ಕಂಡಾಗ ಮತ್ತೆ ಕೂತು, ಮದ್ದೂರು ದಾಟುವಷ್ಟರಲ್ಲಿ ಊರಿನ ದೇವರಿಗೆಲ್ಲ ಹರಕೆ ಹೊತ್ತುಕೊಂಡಿದ್ದೆ. ಪಕ್ಕದಲ್ಲಿದ್ದ ಅಜ್ಜಿ, "ಯಾಕವ್ವ, ಏನಾರ ಕಳ್ಕಂಡ್ಯಾ?" ಅಂದಳು. "ಗಂಡನ್ನ" ಅಂದೆ. "ಅಯ್ಯೋ, ಅವ್ರೆಲ್ಲೂ ಓಗಕಿಲ್ಲ ಬುಡು, ಅಸಿವಾದ್ರೆ ಬತ್ತರೆ" ಅಂದಳು.

ಹುರುಳಿ ಹಾಸಿದ್ದ ಅದೇ ಜಾಗದ ಹತ್ತಿರ ಕೆಂಪು ಕಾರು ಕಂಡಿತು. ರಸ್ತೆಯ ಪಕ್ಕಕ್ಕೆ, ಹುರುಳಿಯ ತುದಿಗೆ ಇಟ್ಟ ಕಲ್ಲಿಗಿಂತ ಈಚೆಗೆ, ಅಚ್ಚುಕಟ್ಟಾಗಿ ನಿಂತಿತ್ತು. "ಹೋಲ್ಡಾನ್! ಹೋಲ್ಡಾನ್!" ಅಂತ ನಾನು ಕೂಗಿದ ಕೂಗಿಗೆ ಕಂಡಕ್ಟರು ಬೆಚ್ಚಿಬಿದ್ದು ಸೀಟಿ ಊದಿದ.

ಯಜಮಾನರು ಕಾರಿನಲ್ಲಿರಲಿಲ್ಲ. ಪ್ಯಾಂಟನ್ನು ಮಡಚಿಕೊಂಡು, ಚಪ್ಪಲಿ ಬಿಚ್ಚಿಟ್ಟು, ಮತ್ತೆ ಹಾಸಿದ್ದ ಹುರುಳಿಯ ಮೇಲೆ ಬರಿಗಾಲಲ್ಲಿ ನಿಂತಿದ್ದರು. ಒಣಗಿದ ಹುರುಳಿ ಕಾಯಿಯ ಮೇಲೆ ಬರಿಗಾಲಿಡುವುದು ಅಂದರೆ ಏನು ಅಂತ ನನಗೆ ಗೊತ್ತು, ಚಿಕ್ಕವಳಿದ್ದಾಗ ಕಣದಲ್ಲಿ ಕುಣಿದಿದ್ದೇನೆ. ಮುಳ್ಳಿಗಿಂತ ಕಡೆ. ಅವತ್ತು ಪೊರಕೆ ಎತ್ತಿಕೊಂಡು ಬಂದಿದ್ದ ಹೆಂಗಸೇ ಮರದ ಕೆಳಗೆ ಕೂತು ನೋಡುತ್ತಿದ್ದಳು.

"ನೋಡಕ್ಕ, ನಿನ್ ಗಂಡ್ನ" ಅಂದಳು ನನ್ನನ್ನು ಕಂಡು. "ಅವಾಗ್ಲಿಂದ ಇಂಗೇ ನಿಂತವ್ನೆ. ಗಾಡಿ ಅರ್ಸಣ್ಣೋ, ಕಾಳಾದ್ರೂ ಬುಡ್ತದೆ ಅಂದ್ರೆ ಒಲ್ಲೆ ಅಂತನೆ. ಎಂಗ್ಸಾಗಿ ನಾನೇ ಎಕ್ಡ ಆಕ್ಕಂಡ್ ತುಳೀತೀನಿ, ಇವ್ನು ಬರಿಗಾಲಲ್ಲಿ ನಿಂತವ್ನಲ್ಲ, ಮೈಮೇಲೆ ದೇವ್ರು ಬಂದದಾ?"

ನಾನು ಹತ್ತಿರ ಹೋದೆ. ಅವರು ತಲೆ ಎತ್ತಲಿಲ್ಲ. ತಮ್ಮ ಎರಡು ಪಾದಗಳನ್ನೂ ನೋಡುತ್ತಿದ್ದರು.

"ಎಡಗಾಲಿಗೆ ಚುಚ್ತಾ ಇದೆ ಕಣೆ" ಅಂದರು. "ತಡಿಯೋಕಾಗ್ತಿಲ್ಲ ಅಷ್ಟು ಚುಚ್ತಾ ಇದೆ." ಬಲಗಾಲನ್ನು ಎತ್ತಿ ಮತ್ತೆ ಊರಿದರು. "ಬಲಗಾಲಿಗೆ ಏನೂ ಇಲ್ಲ. ಕಂಬಳಿ ಮೇಲೆ ನಿಂತಂಗೆ."

ಡಾಕ್ಟರಿಗೆ ಹೂಂ ಅಂದವರು. ನನಗೆ ಟೈರು ಅಂದವರು. ಹುರುಳಿಯ ಮುಂದೆ ಅವರಿಗೆ ಸುಳ್ಳು ಹೇಳಲಾಗಲಿಲ್ಲ.

"ಸಾಕು ಬನ್ನಿ ರೀ" ಅಂತ ತೋಳು ಹಿಡಿದು ಮರದ ಕೆಳಗೆ ಕೂರಿಸಿದೆ. ಬಲಗಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ನೋಡಿದರೆ ಅಂಗಾಲಿಗೆ ಒಂದು ಸಿಬಿರು ಆಳವಾಗಿ ಇಳಿದು ರಕ್ತ ಜಿನುಗುತ್ತಿತ್ತು. ಸೆರಗಿನ ಪಿನ್ನು ತೆಗೆದು ಎತ್ತಿದೆ. ಅವರು ಸುಮ್ಮನೆ ರಸ್ತೆ ನೋಡುತ್ತಿದ್ದರು. ಸಿಬಿರು ಕಿತ್ತಾಗಲೂ ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ನೋಡಿಕೊಂಡೇ ಇದ್ದ ನನಗೆ ಅಳು ತಡೆಯಲಾಗಲಿಲ್ಲ, ಅತ್ತೆ. ನಡುರಸ್ತೆಯಲ್ಲಿ, ಆ ಹೆಂಗಸಿನ ಮುಂದೆಯೇ ಅತ್ತೆ. ಅವಳು ಎದ್ದು ಬಂದು ತನ್ನ ನೀರಿನ ಬಾಟಲಿಯಿಂದ ಅವರ ಕಾಲಿಗೆ ನೀರು ಸುರಿದಳು. "ಸಕ್ರೆ ಕಾಯ್ಲೆನಾ? ನಮ್ಮಪ್ಪಂಗೂ ಇಂಗೇ ಇತ್ತು ಕಣಕ್ಕ" ಅಂದಳು.

ಯಜಮಾನರು ಜೇಬಿನಿಂದ ಕೀಲಿ ತೆಗೆದು ನನ್ನ ಮಡಿಲಲ್ಲಿಟ್ಟರು.

"ಹುರುಳಿ ಮೇಲೆ ಜಾರುತ್ತೆ, ಹುಷಾರು" ಅಂದರು.

"ನಂಗೆ ಹುರುಳಿ ಹೇಳಿಕೊಡಬೇಡಿ" ಅಂದೆ ಮೂಗು ಒರೆಸಿಕೊಳ್ಳುತ್ತಾ.

ಹುರುಳಿಯ ಮೇಲೆ ಬ್ರೇಕ್ ಒತ್ತಬಾರದು, ಸ್ಟೇರಿಂಗ್ ತಿರುಗಿಸಬಾರದು. ಮೊದಲೇ ವೇಗ ಇಳಿಸಿಕೊಂಡು ಒಂದೇ ಹದದಲ್ಲಿ ದಾಟಿಬಿಡಬೇಕು. ನಮ್ಮ ತಂದೆ ಟ್ರ್ಯಾಕ್ಟರ್ ಮೇಲೆ ಕೂರಿಸಿ ಕಲಿಸಿದ್ದು. ಹಾಗೇ ದಾಟಿಸಿದೆ. ಕಾರಿನ ಕೆಳಗೆ ಕಾಯಿಗಳು ಚಟಚಟ ಒಡೆಯುತ್ತಿದ್ದವು. ಆಚೆ ತುದಿಯ ಕಲ್ಲಿನ ಹತ್ತಿರ ನಿಲ್ಲಿಸಿ, ಇಬ್ಬರೂ ಇಳಿದು ಬಗ್ಗಿ, ಕಾರಿನ ಹೊಟ್ಟೆಗೆ ಸಿಕ್ಕಿಕೊಂಡಿದ್ದ ಹುಲ್ಲನ್ನೆಲ್ಲ ಕಿತ್ತೆವು. ಹಿಂದಿನಿಂದ ಆ ಹೆಂಗಸು ಕೂಗಿದಳು.

"ಅಕ್ಕೋ, ಚಕ್ರ ಅಗ್ಲ ಅದೆ, ಚೆಂದಾಗ್ ಕಾಳು ಬುಟ್ಟದೆ! ಇನ್ನೊಂದ್ ಕಿತ ತಿರುಗ್ಸ್ಕಂಡ್ ಬಾ!"

ಅದನ್ನು ಕೇಳಿ ಯಜಮಾನರು ನಕ್ಕುಬಿಟ್ಟರು. ಜೀವಮಾನವೆಲ್ಲ ಆಸೆಪಟ್ಟು ತಂದ ಸ್ಪೋರ್ಟ್ಸ್ ಕಾರು ಕಡೆಗೆ ಒಕ್ಕಣೆಗೆ ಬಂತು. ನಗುತ್ತಾ ನಗುತ್ತಾ ಅವರ ಕಣ್ಣು ತುಂಬಿಕೊಂಡಿತು. ನಾನು ನೋಡದವಳಂತೆ ಹುಲ್ಲು ಕೀಳುತ್ತಿದ್ದೆ.

ಮುಂದಿನ ವಾರ ಮತ್ತೆ ಟೈರ್ ಅಂಗಡಿಗೆ ಹೋದೆವು. ನಾನು ಓಡಿಸಿದೆ. ಸಾಹೇಬರು ಹೋದ ಸಲದ್ದು ಏನೂ ನಡೆದೇ ಇಲ್ಲ ಅನ್ನುವ ಹಾಗೆ ಟೀ ತರಿಸಿದರು, ಹವಾಮಾನ ವಿಚಾರಿಸಿದರು, ಮೂರು ಟೈರುಗಳನ್ನು ಉರುಳಿಸಿಕೊಂಡು ಬಂದು ಸಾಲಾಗಿ ನಿಲ್ಲಿಸಿದರು. ಏನೂ ಕೇಳಲಿಲ್ಲ.

"ಯಾಕ್ ಸಾಹೇಬ್ರೆ, ಈ ಸಲ ಮೂರು ಮಾತು ಕೇಳಲ್ವಾ?" ಅಂದರು ಯಜಮಾನರು.

"ಓದ್ಸಲ ಕೇಳಿದ್ನಲ್ಲ ಸಾ."

"ಮೂರನೇದು ಇನ್ನೊಂದ್ ಸಲ ಕೇಳಿ."

ಸಾಹೇಬರು ನನ್ನ ಮುಖ ನೋಡಿದರು, ಅವರ ಮುಖ ನೋಡಿದರು. "ಯಾರು ಓಡ್ಸದು ಸಾ?"

"ಇವಳು" ಅಂದರು. ಆ ಒಂದು ಮಾತು ಹೇಳುವುದಕ್ಕೆ ಮನೆಯಿಂದಲೇ ಸಿದ್ಧವಾಗಿ ಬಂದಿದ್ದರು ಅನ್ನಿಸಿತು. ಹೇಳಿ ಮುಗಿಸಿ ಟೀ ಲೋಟ ಎತ್ತಿಕೊಂಡರು. ಲೋಟ ಖಾಲಿ ಇತ್ತು.

ಆಮೇಲೆ ನೋಡಬೇಕಿತ್ತು ಅವರ ಗತ್ತನ್ನು! ಅಷ್ಟು ದಿನ ಫೋನಿನಲ್ಲಿ ಓದಿಕೊಂಡಿದ್ದೆಲ್ಲ ಈಗ ನನ್ನ ಪರವಾಗಿ ವಾದಿಸುವುದಕ್ಕೆ ಬಂತು. ಮೆತ್ತನೆಯದನ್ನು ತಾವೇ ಪಕ್ಕಕ್ಕೆ ತಳ್ಳಿದರು. "ಇದು ಒಣ ರಸ್ತೇಲಿ ಜೋರಾಗಿ ಹೋಗೋವ್ರಿಗೆ. ಮಳೇಲಿ ಇವಳನ್ನ ಕೈ ಬಿಡುತ್ತೆ." ಬಾಳಿಕೆಯ ಗಟ್ಟಿ ಟೈರನ್ನು ನಾನು ಮುಟ್ಟಿ ನೋಡಿದರೆ, "ಅದು ಬಾಡಿಗೆ ಗಾಡಿಗೆ ಕಣೆ, ಈ ಕಾರಿನ ಮರ್ಯಾದೆ ತೆಗೀಬೇಡ" ಅಂದರು. ಉಳಿದದ್ದು ಒಂದು, ಹಿಡಿತವೂ ಇತ್ತು, ಮೈಮೇಲೆ ನೀರು ಹೋಗಲು ಅಗಲವಾದ ಕಾಲುವೆಗಳೂ ಇದ್ದವು. ಸಾಹೇಬರು ಅದರಲ್ಲೇ ಪಕ್ಕ ತೆಳ್ಳಗಿರುವ ಅಳತೆ ಹಾಕಿದರೆ ನೋಟ ಬಹಳ ಚೆಂದ ಅಂದರು. ತಿಂಗಳ ಹಿಂದೆ ಅದನ್ನೇ ಜಪಿಸುತ್ತಿದ್ದ ಮನುಷ್ಯ ನನ್ನ ಕಡೆ ತಿರುಗಿ, "ನೀನ್ ಏನಂತೀಯಾ?" ಅಂದರು.

"ಊರೂರಿಗೂ ಹಂಪ್ ಹಾಕವ್ರೆ. ತೆಳ್ಳಗಾದ್ರೆ ರಿಮ್ಮೇ ಸೊಟ್ಟಗಾಗುತ್ತೆ. ಕಂಪನಿ ಅಳತೇನೇ ಇರಲಿ" ಅಂದೆ.

"ಅವಳು ಹೇಳಿದಂಗೆ ಹಾಕಿ" ಅಂದರು.

ಟೈರು ಹಾಕಿ, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲ ಮುಗಿಸಿ, ಸಾಹೇಬರು ಒಂದೊಂದು ಚಕ್ರಕ್ಕೂ ನಿಂಬೆಹಣ್ಣು ಇಟ್ಟುಕೊಟ್ಟರು. "ಮೊದಮೊದಲು ವಸಿ ನಿಧಾನ ಅಮ್ಮಾವ್ರೆ, ಒಸ ರಬ್ಬರು ನುಣ್ಣಗಿರ್ತದೆ, ರಸ್ತೆ ಮೇಲೆ ತೇಯ್ಬೇಕು" ಅಂದರು. ಈ ಸಲ ಅವರು ಎಚ್ಚರಿಕೆ ಹೇಳಿದ್ದು ನನಗೆ.

ಭಾನುವಾರ ಬ್ಲಫ್‌ಗೆ ಹೊರಟೆವು. ನಾನು ಸ್ಟೇರಿಂಗ್ ಹಿಡಿದಿದ್ದೆ. ಅವರು ಪಕ್ಕದಲ್ಲಿ, ಕಿಟಕಿಗೆ ಮೊಣಕೈ ಊರಿಕೊಂಡು ಕೂತಿದ್ದರು. ಹಲ್ಲು ಕಚ್ಚಿರಲಿಲ್ಲ. ಹಿಂದಿನ ರಾತ್ರಿ ಮಳೆ ಹನಿದು ರಸ್ತೆ ಒದ್ದೆಯಾಗಿತ್ತು, ಟೈರಿನ ಕೆಳಗೆ ನೀರು ಸರ್ರನೆ ಹರಿದು ಹೋಗುವ ಸದ್ದು ಕೇಳುತ್ತಿತ್ತು. ಕಾರು ರಸ್ತೆಯನ್ನು ಹಿಡಿದಿತ್ತು. ಹಿಡಿದಿರುವುದು ನನ್ನ ಅಂಗೈಗೆ ಗೊತ್ತಾಗುತ್ತಿತ್ತು. ಇಷ್ಟು ವರ್ಷ ಅವರು ಯಾವ ಖುಷಿಗೆ ಗುನುಗುತ್ತಿದ್ದರು ಅನ್ನುವುದು ನನಗೆ ಅವತ್ತು ತಿಳಿಯಿತು.

ಮೊದಲ ತಿರುವಿನ ಹತ್ತಿರ ಏನೋ ಅಲ್ಲಾಡಿದಂತಾಯಿತು. ಓರೆಗಣ್ಣಿನಲ್ಲಿ ನೋಡಿದೆ. ಅವರ ಬಲಗಾಲು ಮುಂದಕ್ಕೆ ಚಾಚಿ, ಕಾರಿನ ನೆಲದ ಮ್ಯಾಟನ್ನು ಮೆಲ್ಲಗೆ ಒತ್ತುತ್ತಿತ್ತು. ಅಲ್ಲಿ ಬ್ರೇಕ್ ಇಲ್ಲ. ತಿರುವು ದಾಟಿದ ಮೇಲೆ ಕಾಲು ಸಡಿಲವಾಯಿತು. ಎರಡನೇ ತಿರುವು ಬಂತು, ಕಾಲು ಮತ್ತೆ ಒತ್ತಿತು, ಎಲ್ಲಿ ಒತ್ತಬೇಕೋ ಸರಿಯಾಗಿ ಅಲ್ಲೇ, ಎಷ್ಟು ಒತ್ತಬೇಕೋ ಅಷ್ಟೇ. ಅವರು ಮಾತ್ರ ಹೊರಗೆ ನದಿಯ ಕಡೆ ನೋಡುತ್ತಾ ಕೂತಿದ್ದರು. ತಮ್ಮ ಕಾಲು ಏನು ಮಾಡುತ್ತಿದೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

ನಾನು ಹೇಳಲಿಲ್ಲ. ಅವರ ಕಾಲು ಒತ್ತಿದಲ್ಲೆಲ್ಲ ನಾನೂ ಬ್ರೇಕ್ ಒತ್ತುತ್ತಾ, ಅದು ಸಡಿಲಿಸಿದಾಗ ಸಡಿಲಿಸುತ್ತಾ ಇಳಿದೆ. ಕೆಳಗಿನ ತಿರುವಿಗೆ ಬರುವಷ್ಟರಲ್ಲಿ ಅವರು ಗುನುಗಲು ಶುರುಮಾಡಿದ್ದರು.

"ಚೆನ್ನಾಗಿ ಓಡಿಸ್ತೀಯಾ ಕಣೆ" ಅಂದರು. "ನಾನೇ ಓಡಿಸ್ದಂಗೆ ಇದೆ."